ಟ್ರಾಕ್ಟರ್ ಕೊಂಬೆಗೆ ನೇತುಬಿದ್ದ ಪರೀಕ್ಷೆಗಳು

ಮಾರುವ ವಸ್ತುವನ್ನು ಬಿಚ್ಚಿ ನೋಡದೆ ಯಾರಿಗೂ ಮಾತು ಕೊಡಬೇಡಿ. ತೊಂಬತ್ತರ ದಶಕದಲ್ಲಿ ಸಿಂಧನೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾಗ ಎಲ್ಲರಿಗೂ ಹೀಗೇ ಹೇಳುತ್ತಿದ್ದೆ. ಕಷ್ಟವೆಂದರೆ, ನಾವು ಮಾರುತ್ತಿದ್ದದ್ದನ್ನು ಬಿಚ್ಚಿದರೂ ನನಗೆ ತಿಳಿಯುತ್ತಿರಲಿಲ್ಲ. ಪ್ರೋಗ್ರಾಮ್ ಬರೆಯುವವಳು ಡಿಪ್ಲೊಮಾ ಓದಿದ ನನ್ನ ತಂಗಿ. ಮದುವೆಯಾದ ಮೇಲೂ ಮಸ್ಕಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದಳು. ಗಿರಾಕಿ ಹಿಡಿಯುವುದು, ರೇಟು ಕುದುರಿಸುವುದು ನನ್ನ ಪಾಲು.

ಒಂದು ವರ್ಷ ಸುಗ್ಗಿಗೆ ಲಿಂಗಸುಗೂರು ಕಡೆಯ ಒಂದು ಅಕ್ಕಿ ಗಿರಣಿಯ ಕಾಟಾಕ್ಕೆ, ಅಂದರೆ ಗಾಡಿ ಸಮೇತ ಭತ್ತ ತೂಗುವಲ್ಲಿಗೆ, ಚೀಟಿ ಮುದ್ರಿಸುವ ಪ್ರೋಗ್ರಾಮ್ ಒಪ್ಪಿಕೊಂಡಿದ್ದೆ. ತುಂಬಿದ ಗಾಡಿಯ ತೂಕದಲ್ಲಿ ಖಾಲಿ ಗಾಡಿಯದನ್ನು ಕಳೆದರೆ ಭತ್ತದ ತೂಕ. ಅದು ಸರಿಯಾಗಿ ಕಳೆಯುತ್ತದೆಯೇ ಎಂದು ನೋಡಲು ತಂಗಿ ಪರೀಕ್ಷೆಯ ಫೈಲುಗಳನ್ನೇ ಬೇರೆ ಬರೆದಿದ್ದಳು.

"ಎಲ್ಲಾ ಪಾಸ್ ಆಗ್ಯಾವಣ್ಣ."

"ಏನೇನು ಪರೀಕ್ಷೆ ಮಾಡೀದಿ? ಗಿರಾಕಿ ಕೇಳಿದ್ರ ನಾ ಏನ್ ಹೇಳ್ಲಿ ಬೇ?"

"ಓದಿದ್ರ ನಿನಗ ತಿಳೀತದೇನು? ತಡಿ, ನಿನ್ನಂಥವರಿಗೂ ಕಾಣೋ ಹಂಗ ಮಾಡ್ತೀನಿ."

ಅದಕ್ಕೆಂದೇ ಒಂದು ಚಿಕ್ಕ ಪ್ರೋಗ್ರಾಮ್ ಬರೆದಳು. ಕಪ್ಪು ಪರದೆಯ ಮೇಲೆ ಅದರ ಹೆಸರು, ಮುಂದೆ ಫೈಲಿನ ಹೆಸರು ಟೈಪ್ ಮಾಡಿ ಎಂಟರ್ ಒತ್ತಿದರೆ, ಒಳಗಿನ ಪರೀಕ್ಷೆಗಳೆಲ್ಲ ಗಿಡದ ಹಾಗೆ ಬಿಚ್ಚಿಕೊಳ್ಳುತ್ತಿದ್ದವು: ಬುಡ, ಕೊಂಬೆ, ಕೊಂಬೆಗೆ ಕೊಂಬೆ.

ನೋಡಿ ಖುಷಿಯಾಗಬೇಕಿತ್ತು, ಆಗಲಿಲ್ಲ. ಪ್ರತಿ ಪರೀಕ್ಷೆಯೂ ಟ್ರಾಕ್ಟರ್ ನಂಬರಿನ ಕೊಂಬೆಗೇ ನೇತುಬಿದ್ದಿತ್ತು.

"ಟ್ರೇಲರ್ ಎಲ್ಲದ?"

"ಟ್ರಾಕ್ಟರ್ ಹಿಂದನ ಇರ್ತದಲ್ಲ."

"ಸುಗ್ಗ್ಯಾಗ ಎಲ್ಲಿರ್ತದ ಬೇ? ತುಂಬಿದ್ದನ್ನ ತೂಗಿಸಿ, ಇಳಿಸೋ ಪಾಳಿಗೆ ಟ್ರೇಲರ್ ಬಿಟ್ಟು ಟ್ರಾಕ್ಟರ್ ಹೊಲಕ್ಕ ಓಡ್ತದ. ಖಾಲಿ ಆದದ್ದನ್ನ ಯಾವ ಟ್ರಾಕ್ಟರ್ ಸಿಗ್ತದೋ ಅದು ಎಳಕೊಂಡು ಕಾಟಾಕ್ಕ ಬರ್ತದ."

ತಂಗಿ ಪರದೆಯ ಕೊಂಬೆಗಳ ಮೇಲೆ ಮತ್ತೊಮ್ಮೆ ಬೆರಳಾಡಿಸಿದಳು. ಚೀಟಿ ಮುಗಿಸಲು ಗುಮಾಸ್ತ ಮೊದಲು ತೂಗಿದ ಟ್ರಾಕ್ಟರಿನ ನಂಬರನ್ನೇ ಒತ್ತುತ್ತಾನೆ. ಆದರೆ ಕಳೆಯುವುದು ಬೇರೆ ಟ್ರಾಕ್ಟರ್ ಸೇರಿದ ಖಾಲಿ ತೂಕ. ಅದು ಭಾರದ್ದಾದರೆ ರೈತನ ಭತ್ತ ಕಡಿಮೆ, ಹಗುರದ್ದಾದರೆ ಗಿರಣಿಗೆ ನಷ್ಟ. ತಿದ್ದಲು ಒಂದು ವಾರ ಬೇಕೆಂದಳು. ನಾನು ಮಾತು ಕೊಟ್ಟಿದ್ದು ಮರುದಿನಕ್ಕೆ.

ಮರುದಿನ ಆ ಪ್ರೋಗ್ರಾಮಿದ್ದ ಫ್ಲಾಪಿಯನ್ನು ಜೇಬಿನಲ್ಲಿಟ್ಟುಕೊಂಡೇ ಗಿರಣಿಗೆ ಹೋದೆ. ವಿಷಯ ಹೇಳಿದಾಗ ಗಿರಣಿ ಮಾಲೀಕರು ನಕ್ಕರು.

"ಒಮ್ಮೆ ನನಗ ಬರ್ತದ, ಒಮ್ಮೆ ರೈತಗ. ಸುಗ್ಗಿ ಮುಗಿಯೋದ್ರಾಗ ಬರಾಬರ್ ಆಗ್ತದ ಬಿಡ್ರಿ. ಫ್ಲಾಪಿ ತರ್ರಿ ಇಲ್ಲಿ."

"ನಿಮಗ ಆಗ್ತದ್ರೀ ಸಾವಕಾರ್ರ. ಒಂದ ಟ್ರೇಲರ್ ತರೋ ರೈತಗ ಬರಾಬರ್ ಆಗೋದು ಯಾವಾಗ್ರಿ?"

ನಗು ನಿಂತಿತು. "ವ್ಯಾಪಾರ ಮಾಡಾಕ ಬಂದೀರೇನು, ಪುರಾಣ ಹೇಳಾಕ?"

ಒಂದು ವಾರದ ಗಡುವು ಕೇಳಿದೆ. ಅಲ್ಲಿಯವರೆಗೆ ಕೈಬರಹದ ಚೀಟಿಯೇ ನಡೆಯಲಿ, ರೇಟು ಇಳಿಸುತ್ತೇನೆ ಎಂದೂ ಅಂದೆ. ಎದುರಿನವರು ಕೇಳದ ರಿಯಾಯಿತಿಯನ್ನು ನೀವಾಗಿಯೇ ಕೊಡಬೇಡಿ. ಆ ಕ್ಷಣಕ್ಕೆ ನಿಮ್ಮ ಮಾಲು ಹುಳುಕಾಗಿಬಿಡುತ್ತದೆ.

"ಇವತ್ತ ಇಲ್ಲಂದ್ರ ಬ್ಯಾಡ. ರಾಯಚೂರಿನ ಕಂಪ್ಯೂಟರ್ ಅಂಗಡಿಯವರು ಕೊಡ್ತಾರ."

ಫ್ಲಾಪಿಯನ್ನು ಜೇಬಿನಿಂದ ತೆಗೆಯಲಿಲ್ಲ. ನಮಸ್ಕಾರ ಹೇಳಿ ಹೊರಟೆ.

ಸಂಜೆ ಮಸ್ಕಿಯಲ್ಲಿ ಇಳಿದು ತಂಗಿಯ ಮನೆಗೆ ಹೋದೆ.

"ಕೊಟ್ಟಿ ಏನಣ್ಣ?"

"ಇಲ್ಲ. ರಾಯಚೂರಿನವರದು ಹಾಕಸ್ತಾರಂತ."

ಅವಳು ಚಹಾಕ್ಕೆ ನೀರಿಟ್ಟಳು.

"ಅವರದ್ರಾಗ ಟ್ರೇಲರ್ ಇರ್ತದೇನು?"

ನನಗೆ ಗೊತ್ತಿರಲಿಲ್ಲ. ಆ ಸುಗ್ಗಿ ಮುಗಿಯುವವರೆಗೂ ಜವಳಗೇರಾ ರಸ್ತೆಯಲ್ಲಿ ಭತ್ತದ ಗಾಡಿ ಎದುರಾದಾಗಲೆಲ್ಲ, ಟ್ರಾಕ್ಟರನ್ನು ಬಿಟ್ಟು ಹಿಂದೆ ಟ್ರೇಲರ್ ಸಿಕ್ಕಿಸಿದ ಕೊಕ್ಕೆಯ ಕಡೆಗೇ ಕಣ್ಣು ಹೋಗುತ್ತಿತ್ತು.