ಗಾಣಕ್ಕೆ ಇಬ್ಬರ ಹೆಸರು

ಒಂದು ಸುಗ್ಗಿ ಪೂರ್ತಿ ನಮ್ಮ ಗಾಣಕ್ಕೆ ಹೆಸರಿರಲಿಲ್ಲ. ಯಲಬುರ್ಗಾದ ನಮ್ಮ ಮನೆಯ ಹಿತ್ತಿಲಲ್ಲಿ ಒಂದು ತಗಡಿನ ಶೆಡ್ಡು ಇತ್ತು. ಅಲ್ಲಿ ಮೋಟಾರಿನಿಂದ ತಿರುಗುವ ಕಟ್ಟಿಗೆಯ ಗಾಣ ಕೂಡಿಸಿ ನಾನೂ ನನ್ನ ನಾದಿನಿಯೂ ಕುಸುಬಿ ಎಣ್ಣೆ ತೆಗೆಯುತ್ತಿದ್ದೆವು. ಓಣಿಯವರು ಡಬ್ಬಿ ತಂದು ಎಣ್ಣೆ ಒಯ್ಯುತ್ತಿದ್ದರು, ಎಮ್ಮೆ ಸಾಕಿದವರು ಹಿಂಡಿ ಒಯ್ಯುತ್ತಿದ್ದರು. ಹೆಸರಿನ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.

ಬಿದ್ದದ್ದು ಗಂಗಾವತಿಯಲ್ಲಿ. ಅಲ್ಲಿನ ಒಬ್ಬ ಕಿರಾಣಿ ಅಂಗಡಿಯವರಿಗೆ ನಾದಿನಿ ನಾಲ್ಕಾರು ಬಾಟಲಿ ಕೊಟ್ಟು ಬಂದಿದ್ದಳು. ಮತ್ತೆ ಹೋದಾಗ ಬಾಟಲಿ ಖಾಲಿಯಾಗಿದ್ದವು, ಗಿರಾಕಿಗಳು ಇನ್ನೂ ಕೇಳುತ್ತಿದ್ದರು. ಆದರೂ ಅಂಗಡಿಯವರು ಹೊಸ ಬಾಟಲಿ ತೆಗೆದುಕೊಳ್ಳಲಿಲ್ಲ.

"ಎಣ್ಣಿ ಛಲೋ ಐತ್ರಿ ಅಕ್ಕಾರ. ಆದ್ರ ಬಾಟ್ಲಿ ಮ್ಯಾಲ ಯಾರ ಹೆಸರೂ ಇಲ್ಲ, ಲೈಸೆನ್ಸ್ ನಂಬರ್ ಇಲ್ಲ, ಬಿಲ್ ಇಲ್ಲ. ನಾಳೆ ಯಾರರೆ ಬಂದು ಕೇಳಿದ್ರ ನಾ ಏನಂತ ಹೇಳಲಿ?"

ಹಾಗಾಗಿ ನೋಂದಣಿ ಮಾಡಿಸಲೇಬೇಕಾಯಿತು. ಯಾರ ಹೆಸರಿನಲ್ಲಿ ಎಂಬುದು ಆ ದಿನ ನಮಗೊಂದು ಪ್ರಶ್ನೆಯೇ ಆಗಿರಲಿಲ್ಲ. ನನ್ನ ಗಂಡ ತಾಲೂಕು ಕಚೇರಿಯಲ್ಲಿ ಗುಮಾಸ್ತರು; ಸರ್ಕಾರಿ ನೌಕರರು ವ್ಯಾಪಾರ ಮಾಡುವಂತಿಲ್ಲ. ಅದಕ್ಕೇ ಅವರು, "ನಿನ್ನ ಹೆಸರಿನ್ಯಾಗ ಮಾಡಿಸು, ಮುಗೀತು. ನಾ ಆಫೀಸಿಗೆ ಒಂದು ಮಾಹಿತಿ ಪತ್ರ ಕೊಡ್ತೀನಿ" ಅಂದರು. ಕುಷ್ಟಗಿಯಲ್ಲಿರುವ ನನ್ನ ತಮ್ಮ ಫೋನಿನಲ್ಲಿ ಬೇರೆ ಸಲಹೆ ಕೊಟ್ಟ. "ಪ್ರೈವೇಟ್ ಲಿಮಿಟೆಡ್ ಮಾಡಬೇ ಅಕ್ಕ. ಬೋರ್ಡ್ ಹಾಕಿದ್ರ ಒಂದು ತೂಕ ಇರತೈತಿ." ನಾದಿನಿ ಏನೂ ಅನ್ನಲಿಲ್ಲ. ಒಪ್ಪಿದ್ದಾಳೆ ಅಂತ ನಾನು ತಿಳಿದೆ.

ಅವಳ ಬಗ್ಗೆ ಹೇಳಬೇಕು. ನನ್ನ ಗಂಡನ ತಂಗಿ. ಗಂಗಾವತಿ ಕಡೆ ಕಾಲುವೆ ನೀರಿನ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ, ಮಕ್ಕಳೂ ಇಲ್ಲದ್ದರಿಂದ, ಎರಡು ಸೂಟ್‌ಕೇಸ್ ತೆಗೆದುಕೊಂಡು ತವರಿಗೆ ಬಂದಳು. ಗಾಣ ಹಾಕುವ ವಿಚಾರ ಅವಳದೇ. ಶೆಡ್ಡಿನ ಕರೆಂಟು, ಕುಸುಬಿ ಕೊಡುವ ರೈತರ ಪರಿಚಯ ನನ್ನ ಕಡೆಯಿಂದ. ಬೆಳಗಿನ ಅಡುಗೆ ಮುಗಿಸಿ ಇಬ್ಬರೂ ಶೆಡ್ಡಿಗೆ ಹೋದರೆ ಮಧ್ಯಾಹ್ನದ ಊಟಕ್ಕೇ ಹೊರಗೆ ಬರುತ್ತಿದ್ದೆವು.

ಕೊಪ್ಪಳದಲ್ಲಿ ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ಒಂದು ಔಷಧಿ ಅಂಗಡಿಯ ಮೇಲಿನ ಮಾಳಿಗೆಯಲ್ಲಿ, ತೆರಿಗೆ ಕೆಲಸ ಮಾಡಿಕೊಡುವವರೊಬ್ಬರಿದ್ದರು. ಎಲ್ಲರೂ ಅವರನ್ನು ಆಡಿಟರ್ ಅನ್ನುತ್ತಿದ್ದರು. ಸಾವಕಾಶ ಮಾತಾಡುವ ಮನುಷ್ಯ. ನಮ್ಮನ್ನು ಕೂಡಿಸಿ, ಚಹಾ ತರಿಸಿ, ಮೊದಲು ಕಂಪನಿಯ ಆಸೆ ಬಿಡಿಸಿದರು.

"ಕಂಪನಿ ಮಾಡಬಹುದ್ರಿ. ಆದ್ರ ವ್ಯಾಪಾರ ಆಗ್ಲಿ ಬಿಡ್ಲಿ, ವರ್ಷಾ ವರ್ಷಾ ಆಡಿಟ್ ಆಗಬೇಕು, ಕಾಗದ ಹಾಕಬೇಕು. ತಪ್ಪಿದ್ರ ದಂಡ. ನಿಮ್ಮ ಗಾಣಕ್ಕ ಈಗ ಅಷ್ಟು ಬ್ಯಾಡ. ಒಬ್ಬರ ಹೆಸರಿನ್ಯಾಗ ಮಾಡಿದ್ರ ಭಾಳ ಸರಳ. ನಿಮ್ಮ ಪ್ಯಾನ್ ಕಾರ್ಡೇ ಅಂಗಡಿ ಪ್ಯಾನ್ ಕಾರ್ಡ್. ಲಾಭ ನಿಮ್ಮದು, ಲುಕ್ಸಾನೂ ನಿಮ್ಮದು. ಇಬ್ಬರು ಮಾಡೂದಾದ್ರ ಪಾಲುದಾರಿಕಿ. ಅದಕ್ಕೊಂದು ಪತ್ರ ಬರೀಬೇಕು, ಬ್ಯಾರೆ ಪ್ಯಾನ್ ಮಾಡಿಸಬೇಕು." ಆಮೇಲೆ ನನ್ನ ಕಡೆ ನೋಡಿ ಕೇಳಿದರು. "ನಿಮ್ಮ ಹೆಸರಿನ್ಯಾಗ ಅಲ್ರಿ?"

ನಾನು ಹೌದು ಅನ್ನುವಷ್ಟರಲ್ಲಿ ನಾದಿನಿ ಅಂದಳು, "ಇಬ್ಬರದೂ ಬರೀರಿ."

ನಾನು ಅವಳ ಮುಖ ನೋಡಿದೆ. ಅವಳು ನನ್ನ ಕಡೆ ತಿರುಗಲಿಲ್ಲ. ಆಡಿಟರು ಇಬ್ಬರ ಆಧಾರ್ ಕಾರ್ಡ್ ಕೇಳಿದರು. ಅವಳದರಲ್ಲಿ ಇನ್ನೂ ಗಂಡನ ಮನೆಯ ವಿಳಾಸವಿತ್ತು. ರೇಷನ್ ಕಾರ್ಡ್ ತೋರಿಸೋಣವೆಂದರೆ ಅದರಲ್ಲೂ ಅವಳ ಹೆಸರಿರಲಿಲ್ಲ. ಮದುವೆಯಾದಾಗ ನಮ್ಮ ರೇಷನ್ ಕಾರ್ಡಿನಿಂದ ಅವಳ ಹೆಸರು ತೆಗೆಸಿದ್ದೆವು, ಗಂಡ ಸತ್ತ ಮೇಲೆ ಅಲ್ಲಿಯವರೂ ತೆಗೆಸಿದ್ದರು. ಅಲ್ಲಿ ತೆಗೆಸಿದ್ದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅವಳೊಬ್ಬಳಿಗೆ ಬಿಟ್ಟು. "ಮೊದಲು ವಿಳಾಸ ಬದಲಿ ಮಾಡಿಸ್ಕೊಂಡು ಬರ್ರಿ. ಶೆಡ್ಡಿನ ಜಾಗಾ ಯಾರ ಹೆಸರಿಗೈತಿ? ಅವರ ಒಪ್ಪಿಗಿ ಪತ್ರನೂ ಬೇಕು" ಅಂದು ಆಡಿಟರು ನಮ್ಮನ್ನು ಕಳಿಸಿದರು.

ಜಾಗ ನನ್ನ ಅತ್ತೆಯ ಹೆಸರಿನಲ್ಲಿತ್ತು. ಪಾಲುದಾರಿಕೆ ಎಂಬ ಮಾತು ಕಿವಿಗೆ ಬಿದ್ದದ್ದೇ ಅತ್ತೆ ಕೈಯಲ್ಲಿದ್ದ ಮೊರ ಕೆಳಗಿಟ್ಟರು.

"ಪಾಲು ಬರಿಯೂದು ಮನಿ ಒಡದಾಗ. ನಿಮ್ಮೊಳಗ ಏನು ಜಗಳ ಆಗೈತಿ?"

"ಜಗಳ ಏನಿಲ್ರಿ ಅತ್ತಿ. ಗಾಣಕ್ಕ ಅಷ್ಟ" ಅಂದೆ ನಾನು.

"ಒಂದ ಒಲಿ, ಒಂದ ಗಾಣ. ಇದರಾಗ ಆಕಿದೆಷ್ಟು, ನಿಂದೆಷ್ಟು ಅಂತ ಬರೀತೀರಿ? ಮಂದಿ ಏನಂದಾರು?"

ಮಂದಿ ಅನ್ನುವುದಕ್ಕೆ ತಡಮಾಡಲಿಲ್ಲ. ವಾರದೊಳಗೇ ಹಿಂಡಿ ಒಯ್ಯಲು ಬಂದ ಹೆಂಗಸೊಬ್ಬಳು ಬಾಗಿಲಲ್ಲೇ ನಿಂತು, "ಪಾಲಾದ್ರಂತಲ್ಲ, ಹೌದೇನ್ರಿ?" ಅಂತ ಕೇಳಿದಳು. ಅತ್ತೆ ಹಿಂಡಿ ತೂಗಿ ಕೊಟ್ಟು ಒಳಗೆ ಹೋದರು. ಒಪ್ಪಿಗೆ ಪತ್ರ ದೇವರ ಗೂಡಿನ ಕೆಳಗೆ ಸಹಿಯಿಲ್ಲದೆ ಬಿದ್ದಿತ್ತು. ನಿಜ ಹೇಳುವುದಾದರೆ ನನಗೂ ಅಸಮಾಧಾನವಿತ್ತು. ನನ್ನೊಬ್ಬಳ ಹೆಸರಿನಲ್ಲಿ ಮಾಡಿಸಿದ್ದರೆ ಇಷ್ಟೊತ್ತಿಗೆ ಗಂಗಾವತಿಗೆ ಬಾಟಲಿ ಹೋಗುತ್ತಿದ್ದವು. ನಾನೇನು ಅವಳಿಗೆ ಮೋಸ ಮಾಡುತ್ತಿದ್ದೆನೇ?

ಒಂದು ಮಧ್ಯಾಹ್ನ ಮೂವರೂ ಪಡಸಾಲೆಯಲ್ಲಿ ಕುಸುಬಿ ಹಸನು ಮಾಡುತ್ತ ಕೂತಿದ್ದೆವು. ನಾದಿನಿ ಕೈ ನಿಲ್ಲಿಸದೆ ಕೇಳಿದಳು.

"ಯವ್ವ, ನಾ ಇಲ್ಲಿ ಬಂದು ಹೋಗೂ ಬೀಗರೇನು?"

"ಹಂಗಂತ ಯಾರಂದ್ರು?"

"ಯಾರೂ ಅಂದಿಲ್ಲ. ಆದ್ರ ಇಲ್ಲಿ ರೇಷನ್ ಕಾರ್ಡಿನ್ಯಾಗ ನಾ ಇಲ್ಲ. ಅಲ್ಲಿ ಹೊಲದಾಗ ಇಲ್ಲ, ಮನಿಯಾಗ ಇಲ್ಲ. ನಾ ಕೂಡಿಸಿದ ಗಾಣದಾಗರೆ ನನ್ನ ಹೆಸರು ಇರಲಿ ಅಂತೀನಿ. ಅದಕ್ಕ ಮನಿ ಒಡೀತೈತೇನು?"

ಅತ್ತೆ ಬಹಳ ಹೊತ್ತು ಕಲ್ಲು ಆರಿಸಿದರು. ನನಗೆ ನಾಚಿಕೆಯಾದದ್ದು ಅವಳ ಮಾತಿಗಲ್ಲ. ಅವಳು ಬಂದಾಗಿನಿಂದ ಒಂದೇ ತಟ್ಟೆಯಲ್ಲಿ ಉಣ್ಣುವಷ್ಟು ಸಲಿಗೆಯಿದ್ದರೂ ನಾನು ಇದನ್ನು ಕೇಳಿರಲಿಲ್ಲವಲ್ಲ ಅಂತ.

ಸಂಜೆ ಅತ್ತೆ ಪೆನ್ನು ತರಿಸಿದರು. ಸಹಿ ಮಾಡುವ ಮೊದಲು ಒಂದು ಮಾತು ಹಾಕಿದರು. "ಎಲ್ಲಾ ಬರಿಯೂದು ಅಂದಮ್ಯಾಲ ಶೆಡ್ಡಿಂದು ಬಾಡಿಗಿನೂ ಬರೀರಿ. ಜಾಗಾ ನಂದು."

ನನ್ನ ಗಂಡ ನಕ್ಕರು. ಅತ್ತೆ ನಗಲಿಲ್ಲ. ಬಾಡಿಗೆ ಕರಾರು ಆಯಿತು. ಆವತ್ತಿನಿಂದ ತಿಂಗಳ ಮೊದಲ ವಾರ ಅತ್ತೆಯ ಬ್ಯಾಂಕ್ ಖಾತೆಗೆ ಬಾಡಿಗೆ ತಪ್ಪದೆ ಹೋಗುತ್ತದೆ.

ಆಧಾರ್ ಬದಲಾದ ಮೇಲೆ ಮತ್ತೆ ಕೊಪ್ಪಳಕ್ಕೆ ಹೋದೆವು. ಆಡಿಟರು ಪತ್ರದ ಕರಡನ್ನು ಜೋರಾಗಿ ಓದುತ್ತ, ಒಂದೊಂದಕ್ಕೂ ನಮ್ಮ ಒಪ್ಪಿಗೆ ಕೇಳುತ್ತ ಹೋದರು. ಸಂಸ್ಥೆಗೆ ನಮ್ಮ ಮನೆದೇವರ ಹೆಸರು. ಲಾಭ ಸಮ ಸಮ. ಬ್ಯಾಂಕಿನಲ್ಲಿ ಇಬ್ಬರ ಸಹಿ. ಅಲ್ಲಿಯವರೆಗೆ ಸರಾಗವಾಗಿತ್ತು.

"ಮುಂದ ಯಾರರೆ ಒಬ್ಬರು ಬಿಟ್ಟು ಹೋಗ್ತೀನಿ ಅಂದ್ರ?"

"ಯಾರೂ ಬಿಟ್ಟು ಹೋಗಂಗಿಲ್ರಿ. ಅದನ್ನ ಯಾಕ ಬರಿಯೂದು?" ಅಂದೆ ನಾನು.

"ಬರೀರಿ ಸರ್" ಅಂದಳು ನಾದಿನಿ. "ಮೊದಲ ತಿಳಿಸಬೇಕು ಅಂತ ಬರೀರಿ. ಹೋಗಾಕಿಗೆ ಅವತ್ತಿನ ಲೆಕ್ಕ ಮಾಡಿ ಆಕಿ ಪಾಲು ಕೊಡಬೇಕು ಅಂತ ಬರೀರಿ."

ಆಡಿಟರು ಬರೆದರು. ಸ್ಟಾಂಪ್ ಕಾಗದದ ಮೇಲೆ ಸಹಿ ಮಾಡಿದೆವು. ಪಾಲುದಾರಿಕೆಗೆ ನೋಂದಣಿ ಕಡ್ಡಾಯವಲ್ಲ, ಆದರೆ ನೋಂದಣಿಯಾಗದ ಸಂಸ್ಥೆಗೆ ತನಗೆ ಬರಬೇಕಾದ್ದಕ್ಕೆ ಕೋರ್ಟಿಗೆ ಹೋಗಲು ಬರುವುದಿಲ್ಲ ಎಂದು ಹೇಳಿ, ಅವರೇ ನೋಂದಣಿ ಕಚೇರಿಗೂ ಅರ್ಜಿ ಹಾಕಿಸಿದರು. ಕೆಲಸ ಸುಗಮವಾಗಿಯೇ ಆಯಿತು. ಆದರೆ ಯಲಬುರ್ಗಾದ ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ಕುಕನೂರು ದಾಟಿದ ಮೇಲೆ ತಡೆಯದೆ ಕೇಳಿಬಿಟ್ಟೆ.

"ಹೋಗೂದ ಇದ್ರ ಯಾಕ ಕೂಡಬೇಕಿತ್ತು?"

"ಹೋಗ್ತೀನಿ ಅಂದಿಲ್ಲ ವೈನಿ. ಒಮ್ಮೆ ಏನೂ ಬರಸ್ದ ಒಂದು ಮನಿಗೆ ಹೋಗಿ, ಹಂಗ ಬಂದೀನಿ. ಇನ್ನೊಮ್ಮೆ ಹಂಗ ಬ್ಯಾಡ."

ಊರು ಬಂದಾಗ ಅವಳ ಚೀಲವನ್ನೂ ನಾನೇ ಹಿಡಿದುಕೊಂಡು ಇಳಿದೆ.

ಪ್ಯಾನ್, ಜಿಎಸ್‌ಟಿ, ಆಹಾರದ ಲೈಸೆನ್ಸ್, ಒಂದಾದ ಮೇಲೆ ಒಂದು ಬಂದವು. ಬಾಟಲಿಗೆ ಚೀಟಿ ಅಂಟಿತು. ಗಂಗಾವತಿಯ ಅಂಗಡಿಯವರು ತೆಗೆದುಕೊಂಡರು, ಅವರನ್ನು ನೋಡಿ ಇನ್ನಿಬ್ಬರು ತೆಗೆದುಕೊಂಡರು. ವ್ಯಾಪಾರ ನಡೆಯಿತು. ಗಂಗಾವತಿಯ ಓಡಾಟವೆಲ್ಲ ನಾದಿನಿಯದು. ಆ ಊರು ಅವಳಿಗೆ ಗೊತ್ತು, ಅಲ್ಲಿನ ತೆಲುಗೂ ಬರುತ್ತಿತ್ತು. ಅಲ್ಲಿ ಶೇಂಗಾ ಎಣ್ಣೆಗೇ ಬೇಡಿಕೆ ಹೆಚ್ಚು, ಕಣ್ಣೆದುರೇ ಗಾಣ ತಿರುಗಿದರೆ ಇನ್ನೂ ಹೆಚ್ಚು ಎಂದು ಅವಳು ಆಗಾಗ ಹೇಳುತ್ತಿದ್ದಳು. ಕೆಲವು ವರ್ಷ ಹೀಗೇ ನಡೆದ ಮೇಲೆ ಒಂದು ದಿನ ಶೆಡ್ಡಿನಲ್ಲಿ, ಮೋಟಾರು ಬಂದ್ ಮಾಡಿ, "ವೈನಿ, ಗಂಗಾವತ್ಯಾಗ ಒಂದು ಮಳಿಗಿ ನೋಡೀನಿ" ಅಂದಳು.

ಈ ಸಲ ನನಗೆ ಸಿಟ್ಟು ಬರಲಿಲ್ಲ, ಸಂಕಟವಾಯಿತು. ಅತ್ತೆ ಎರಡು ದಿನ ಮಾತು ಬಿಟ್ಟರು. ಆಮೇಲೆ, "ಒಬ್ಬಾಕಿನ ಇರ್ತೀ ಏನು?" ಅಂತ ಕೇಳಿ, ಅವಳು ಹೂಂ ಅಂದಾಗ, ಅವಳ ಹೊಸ ಮನೆಗೆ ಕೊಡಲು ಪಾತ್ರೆಗಳನ್ನು ಅಟ್ಟದಿಂದ ಇಳಿಸಿದರು.

ಪತ್ರದಲ್ಲಿ ಬರೆದಂತೆಯೇ ಲೆಕ್ಕವಾಯಿತು. ಗಾಣ ನನಗೆ ಉಳಿಯಿತು, ಅವಳ ಪಾಲು ಅವಳಿಗೆ ಹೋಯಿತು. ಏನು ಕೇಳಬೇಕು, ಏನು ಬಿಡಬೇಕು ಎಂದು ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುವ ಪ್ರಸಂಗ ಬರಲಿಲ್ಲ. ಆ ಕಲಮು ಇರದಿದ್ದರೆ ನಾನು ಎಷ್ಟು ಒಳ್ಳೆಯವಳಾಗಿ ಉಳಿಯುತ್ತಿದ್ದೆನೋ ನನಗೆ ಖಾತ್ರಿಯಿಲ್ಲ.

ಇಬ್ಬರ ಸಂಸ್ಥೆಯಲ್ಲಿ ಒಬ್ಬರು ಹೋದರೆ ಸಂಸ್ಥೆಯೇ ಮುಗಿದಂತೆ ಎಂದು ಆಡಿಟರು ಹೇಳಿದರು. "ಬ್ಯಾರೆ ಪಾಲುದಾರರನ್ನ ತಗೋರಿ, ಇಲ್ಲಾ ನಿಮ್ಮೊಬ್ಬರ ಹೆಸರಿನ್ಯಾಗ ಹೊಸದಾಗಿ ಮಾಡ್ರಿ." ಅತ್ತೆಯನ್ನು ಕೇಳಿ ನೋಡಿದೆ. "ನಂಗ ಬಾಡಿಗಿ ಸಾಕು" ಅಂದರು. ನನ್ನೊಬ್ಬಳ ಹೆಸರಿನಲ್ಲೇ ಮಾಡಿಸಿದೆ. ಮತ್ತೆ ಜಿಎಸ್‌ಟಿ, ಮತ್ತೆ ಲೈಸೆನ್ಸ್, ಮತ್ತೆ ಹೊಸ ಚೀಟಿ. ಆಡಿಟರು ಮೊದಲೇ ಹೇಳಿದ ಹಾಗೆ ಸರಳವಾಗಿತ್ತು. ನನ್ನ ಸಹಿ ಮುಗಿದ ಮೇಲೆ ಮಾತ್ರ, ಕಾಗದ ಸರಿಸಿ ಕೊಡಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಕೊಪ್ಪಳದ ಬ್ಯಾಂಕಿನಲ್ಲಿದ್ದ ಹಳೆಯ ಖಾತೆ ಮುಚ್ಚಲು ಇಬ್ಬರೂ ಬೇಕಿತ್ತು. ಅವಳು ಗಂಗಾವತಿಯಿಂದ ಬಂದಳು, ನಾನು ಯಲಬುರ್ಗಾದಿಂದ. ಕೆಲಸ ಮುಗಿಸಿ ಬಸ್ ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ, ಮಿರ್ಚಿ ತಿಂದೆವು. ತನ್ನ ಅಂಗಡಿಯನ್ನು ತನ್ನೊಬ್ಬಳ ಹೆಸರಿನಲ್ಲೇ ಮಾಡಿಸುತ್ತಿರುವುದಾಗಿ ಹೇಳಿ, ಮಳಿಗೆಯ ಮಾಲಕರ ಹತ್ತಿರ ಯಾವ ಯಾವ ಕಾಗದ ಕೇಳಬೇಕು ಅಂತ ವಿಚಾರಿಸಿದಳು. ನಾನು ನೆನಪಿದ್ದಷ್ಟು ಹೇಳಿದೆ.

"ಕುಸುಬಿ ಎಣ್ಣಿ ನಿನ್ನ ಹತ್ರಾನ ತಗೋತೀನಿ ವೈನಿ" ಅಂದಳು. "ಬಿಲ್ ಹಾಕಿ ಕಳಸು."

ಮುಂದಿನ ವಾರ ಬಿಲ್ ಹಾಕಿ ಕಳಿಸಿದೆ.