ಮಂಗ ಸತ್ತ ವರ್ಷದ ಕೆಮಿಸ್ಟ್ರಿ

ನಮ್ಮ ಗುಂಪಿಗೆ ಹೆಸರೇನೂ ಇರಲಿಲ್ಲ. ಶಿರಸಿಯಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದ ಐದಾರು ಹುಡುಗಿಯರು, ಮಧ್ಯಾಹ್ನದ ಕ್ಲಾಸು ಮುಗಿದ ಮೇಲೆ ಸೈಕಲ್ ಸ್ಟ್ಯಾಂಡಿನ ಪಕ್ಕದ ಖಾಲಿ ಕೋಣೆಯಲ್ಲಿ ಸೇರುತ್ತಿದ್ದೆವು. ನಮ್ಮನ್ನು ಸೇರಿಸಿದ್ದು ಸ್ನೇಹವಲ್ಲ, ಹೆದರಿಕೆ. ಹತ್ತನೇ ಇಯತ್ತೆಯವರೆಗೆ ಕನ್ನಡದಲ್ಲಿ ಓದಿ ಬಂದವರು ನಾವು. ಆರ್ಗ್ಯಾನಿಕ್ ಕೆಮಿಸ್ಟ್ರಿಯ ದಪ್ಪ ಪುಸ್ತಕ ತೆರೆದರೆ ಇಂಗ್ಲಿಷೂ ತಿಳಿಯದು, ಕೆಮಿಸ್ಟ್ರಿಯೂ ತಿಳಿಯದು. ಯಾವುದಕ್ಕೆ ಮೊದಲು ಅಳಬೇಕು ಎಂಬುದೂ ತಿಳಿಯುತ್ತಿರಲಿಲ್ಲ.

ಗುಂಪಿನ ಯಜಮಾನಿಕೆ ನನ್ನದಾಗಿತ್ತು. ನನಗೆ ಬುದ್ಧಿ ಹೆಚ್ಚಿತ್ತು ಎಂದಲ್ಲ, ಬಾಯಿ ಜೋರಿತ್ತು. ಸಿಟ್ಟು ಅದಕ್ಕಿಂತ ಜೋರು. ನಮ್ಮ ಕ್ರಮ ಇಷ್ಟೇ: ರಾತ್ರಿ ಡಿಕ್ಷನರಿ ಹಿಡಿದು ಓದಿದ್ದನ್ನು ಮೊದಲು ನಾನು ಬೋರ್ಡಿನ ಮೇಲೆ ಬಿಡಿಸಿ ಕನ್ನಡದಲ್ಲಿ ಹೇಳುವುದು, ಆಮೇಲೆ ಸೀಮೆಸುಣ್ಣವನ್ನು ಒಬ್ಬಳ ಕೈಗೆ ಕೊಡುವುದು, ಅವಳು ಎದ್ದು ಬಂದು ಅದನ್ನೇ ಇಂಗ್ಲಿಷಿನಲ್ಲಿ ಹೇಳುವುದು. ಅರ್ಥವಾಯಿತು ಎಂದು ಸುಮ್ಮನೆ ತಲೆಯಾಡಿಸಿದವಳಿಗೇ ಮೊದಲ ಸರದಿ. ಮೇಷ್ಟರೆದುರು ಬಾಯಿ ಬಿಡದವರೆಲ್ಲ ಆ ಕೋಣೆಯಲ್ಲಿ ತಪ್ಪೋ ಒಪ್ಪೋ ಮಾತಾಡುತ್ತಿದ್ದರು.

ದಾಸನಕೊಪ್ಪದ ಕಡೆಯವಳೊಬ್ಬಳು ಬರುತ್ತಿದ್ದಳು. ನಮಗಿಂತ ಹಿಂದಿನ ಬ್ಯಾಚಿನವಳು. ಉಳಿದದ್ದೆಲ್ಲ ಪಾಸಾಗಿ ಕೆಮಿಸ್ಟ್ರಿ ಮಾತ್ರ ಎರಡು ಸಲ ಹೋಗಿತ್ತು. ಅವಳಿಗೆ ಕ್ಲಾಸಿರಲಿಲ್ಲ, ಟ್ಯೂಷನ್ ಇರಲಿಲ್ಲ, ನಮ್ಮ ಕೋಣೆ ಬಿಟ್ಟರೆ ಬೇರೆ ಗತಿ ಇರಲಿಲ್ಲ. ಈ ಸಲ ಪಾಸಾದರೆ ಬಿ.ಎಡ್.ಗೆ ಕಳಿಸುತ್ತೇನೆ, ಫೇಲಾದರೆ ಸೋದರಮಾವನ ಜೊತೆ ಮದುವೆ ಎಂದು ಅವಳಪ್ಪ ಹೇಳಿಬಿಟ್ಟಿದ್ದರು. ಆ ಮಾವನ ಮೊದಲ ಹೆಂಡತಿ ಮುರಿದ ಕೈಗೆ ಪಟ್ಟಿ ಕಟ್ಟಿಸಿಕೊಂಡು ತವರಿಗೆ ಹೋದವಳು ತಿರುಗಿ ಬಂದಿರಲಿಲ್ಲ. ಅವನು ಆಗಾಗ ಮನೆಗೆ ಬಂದು, ಪರೀಕ್ಷೆ ಯಾವಾಗ ಎಂದು ಇವಳನ್ನು ನಗುತ್ತ ಕೇಳುತ್ತಿದ್ದನಂತೆ. “ಅಂವಾ ನಕ್ಕರ ನನಗ ಅತ್ತಿಯ ಮುರಿದ ಕೈ ನೆನಪಾಗ್ತೈತಿ ನೋಡ,” ಎಂದು ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ಹೇಳಿದ್ದಳು. ಬೆಂಜೀನಿನ ಆರು ಮೂಲೆಯ ಉಂಗುರ ಬರೆಯಲು ಬಂತೋ ಇಲ್ಲವೋ ಎಂದು ನಾನು ಗದರಿದ್ದೆ.

ಪರೀಕ್ಷೆ ಹತ್ತಿರ ಬಂದಿತ್ತು. ಬೇಸಿಗೆ ಆಗಷ್ಟೇ ಏರುತ್ತಿತ್ತು. ಆಗ ಸಿದ್ದಾಪುರ ತಾಲೂಕಿನ ನಮ್ಮೂರ ಕಾಡಿನಲ್ಲಿ ಒಂದು ಮಂಗ ಸತ್ತು ಬಿತ್ತು. ಬೇರೆ ಊರಿನವರಿಗೆ ಇದರಲ್ಲಿ ಹೆದರುವಂಥದ್ದೇನು ಅನ್ನಿಸಬಹುದು. ನಮ್ಮ ಕಡೆ ಮಂಗ ಸತ್ತರೆ ಜನ ಸಾಯುವ ಕಾಲ ಬಂತೆಂದೇ ಲೆಕ್ಕ. ಸತ್ತ ಮಂಗನ ಮೈಮೇಲಿನ ರಕ್ತ ಹೀರುವ ಹುಳ, ಉಣುಗು, ಉದುರಿ, ಕಾಡಿನಲ್ಲಿ ಓಡಾಡುವವರನ್ನು ಕಚ್ಚಿ, ಮಂಗನ ಕಾಯಿಲೆ ಬರುತ್ತದೆ. ಮೊದಲು ತಲೆನೋವು, ಜ್ವರ, ಮೈಯೆಲ್ಲ ಜಜ್ಜಿದಂಥ ನೋವು; ಹೆಚ್ಚಾದರೆ ವಸಡಿನಲ್ಲಿ ರಕ್ತ. ಆರೋಗ್ಯ ಇಲಾಖೆಯವರು ಬಂದು ಆ ಜಾಗದ ಸುತ್ತ ಪೌಡರು ಹೊಡೆದರು, ಕೈಕಾಲಿಗೆ ಹಚ್ಚಿಕೊಳ್ಳಲು ಎಣ್ಣೆ ಕೊಟ್ಟುಹೋದರು.

“ಕಾಡು ಹಾದೀಲಿ ಹೋಗಡ್ವೆ, ರಸ್ತೆ ಮೇಲೇ ಹೋಗು,” ಎಂದು ಅಮ್ಮ ದಿನವೂ ಹೇಳುತ್ತಿದ್ದಳು. ರಸ್ತೆ ಹಿಡಿದರೆ ಸುತ್ತು, ಬಸ್ಸು ತಪ್ಪುತ್ತಿತ್ತು. ಎಣ್ಣೆ ಬಳಿದುಕೊಂಡು ಕಾಡು ಹಾದಿಯಲ್ಲೇ ಓಡುತ್ತಿದ್ದೆ. ಒಣ ಎಲೆ ಕಾಲಡಿ ಸದ್ದು ಮಾಡಿದರೆ ಸಾಕು, ಮೈಯೆಲ್ಲ ಉಣುಗು ಹರಿದಾಡಿದ ಹಾಗೆ ಆಗುತ್ತಿತ್ತು. ಬಸ್ಸಿನಲ್ಲಿ ಸೀಟು ಸಿಕ್ಕಿದ ಕೂಡಲೇ ಬಗ್ಗಿ ಹಿಮ್ಮಡಿಯಿಂದ ಮೇಲಕ್ಕೆ ತಡಕುತ್ತಿದ್ದೆ. ಬೆಳಗ್ಗೆ ಹಲ್ಲುಜ್ಜುವಾಗ ವಸಡನ್ನು ಒತ್ತಿ, ಉಗುಳಿದ ನೀರನ್ನು ನೋಡುತ್ತಿದ್ದೆ.

ನಮ್ಮೂರಿನಲ್ಲಿ ಒಬ್ಬರಿಗೆ ಆ ಜ್ವರ ಬಂದ ಸುದ್ದಿ ಪೇಪರಿನಲ್ಲಿ ಬಂತು, ಊರಿನ ಹೆಸರಿನ ಸಮೇತ. ಅವತ್ತು ಕೋಣೆಗೆ ಹೋದಾಗ ಎಲ್ಲರೂ ಹಿಂದಿನ ಬೆಂಚಿನಲ್ಲಿ ಒತ್ತಿಕೊಂಡು ಕೂತಿದ್ದರು. ಪಾಠ ಹೇಳಿ ಮುಗಿಸಿ ಸೀಮೆಸುಣ್ಣ ಚಾಚಿದೆ. ಯಾರೂ ತೆಗೆದುಕೊಳ್ಳಲಿಲ್ಲ. ಯಲ್ಲಾಪುರದ ಕಡೆಯ ಗೆಳತಿ ನೆಲ ನೋಡುತ್ತ ಅಂದಳು: “ಬೇಜಾರು ಮಾಡ್ಕಳಡ. ನಾಳಿಂದ ಆನು ಬತ್ನಿಲ್ಲೆ. ಮನೇಲಿ ಬೈತ.”

ನನಗೆ ಪಿತ್ತ ನೆತ್ತಿಗೇರಿತು. “ಸೈನ್ಸ್ ಓದ್ತ್ರಾ ಎಂತ ಮಣ್ಣು ತಿಂತ್ರಾ? ಉಣುಗು ಕಚ್ಚಿರೆ ಬಪ್ಪುದು ಅದು. ಮನುಷ್ಯರಿಂದ ಬತ್ತಿಲ್ಲೆ!” ಎಂದು ಕೂಗಾಡಿದೆ. ಎಲ್ಲರೂ ಹೌದೆಂದು ತಲೆಯಾಡಿಸಿದರು. ಮರುದಿನ ಒಬ್ಬರೂ ಬರಲಿಲ್ಲ.

ದಾಸನಕೊಪ್ಪದವಳು ಮಾತ್ರ ಬಂದಳು. ಬಂದವಳು ಬಾಗಿಲಲ್ಲೇ ನಿಂತು, ವೇಲಿನ ತುದಿಯನ್ನು ಮೂಗಿಗೆ ಒತ್ತಿಕೊಂಡಿದ್ದಳು. “ನೀ ಅಲ್ಲಿಂದನ ಹೇಳ. ನಾ ಇಲ್ಲೇ ನಿಂದ್ರತೀನಿ. ಸಿಟ್ಟ ಮಾಡಬ್ಯಾಡ, ನನಗ ಭಾಳ ಹೆದರಿಕಿ ಆಗ್ತೈತಿ.” ಅವಮಾನದಿಂದ ನನಗೆ ಕಣ್ಣೀರೇ ಬಂತು. ಆದರೂ ಬೋರ್ಡಿನ ಕಡೆ ತಿರುಗಿ ಗಂಟಲು ಹರಿಯುವಂತೆ ಪಾಠ ಹೇಳಿದೆ. ಅವಳು ಹೊಸ್ತಿಲಾಚೆ ನಿಂತು ಗಾಳಿಯಲ್ಲಿ ಬೆರಳಾಡಿಸಿ ಷಟ್ಕೋನ ಬರೆದಳು. ಹೀಗೇ ಕೆಲವು ದಿನ ನಡೆಯಿತು. ದಾರಿಯಲ್ಲಿ ಹೋಗುವವರಿಗೆ ನಾವಿಬ್ಬರೂ ಜಗಳವಾಡುತ್ತಿದ್ದೇವೆ ಅನ್ನಿಸಿರಬೇಕು.

ಆಮೇಲೆ ಒಂದು ಬೆಳಗ್ಗೆ ಬಸ್ಸಿನಲ್ಲೇ ನನಗೆ ತಲೆನೋವು ಶುರುವಾಯಿತು. ಬಿಸಿಲಿಗೆ ಇರಬೇಕೆಂದು ನನಗೆ ನಾನೇ ಹೇಳಿಕೊಂಡೆ. ಮಧ್ಯಾಹ್ನದ ಹೊತ್ತಿಗೆ ಸೊಂಟ, ಮೊಣಕಾಲು, ಕಣ್ಣುಗುಡ್ಡೆ ಕೂಡ ನೋಯುತ್ತಿದ್ದವು. ಕೋಣೆಯ ಬೆಂಚಿನ ಮೇಲೆ ಕೂತು ಹಲ್ಲು ಕಟಕಟ ಅನ್ನುತ್ತಿರುವಾಗ ಅವಳು ಬಾಗಿಲಿಗೆ ಬಂದಳು. ನನ್ನ ಮುಖ ನೋಡಿ ಗಾಬರಿಯಾಗಿ ಒಳಗೆ ಕಾಲಿಟ್ಟಳು. ಮನುಷ್ಯರಿಂದ ಬರುವುದಿಲ್ಲ ಎಂದು ಊರಿಗೆಲ್ಲ ಸಾರಿದ್ದ ನಾನೇ “ಹತ್ರ ಬರಬೇಡ್ವೇ, ಹೋಗು!” ಎಂದು ಕಿರುಚಿದೆ. ಓದಿದ್ದು ಒಂದಕ್ಷರವೂ ಆಗ ಕೆಲಸಕ್ಕೆ ಬರಲಿಲ್ಲ. ಅವಳು ಪುಸ್ತಕ ಎದೆಗವಚಿಕೊಂಡು ಓಡಿಹೋದಳು.

ಶಿರಸಿಯಲ್ಲೇ ಆಸ್ಪತ್ರೆಗೆ ಸೇರಿಸಿದರು. ರಕ್ತ ದೂರದ ಲ್ಯಾಬಿಗೆ ಹೋಯಿತು, ರಿಪೋರ್ಟು ಬರಲು ದಿನ ಹಿಡಿಯುತ್ತದೆ ಎಂದರು. ಅಪ್ಪ ವರಾಂಡದಲ್ಲಿ ಕೂತಿರುತ್ತಿದ್ದ, ಅಮ್ಮ ಒಂದೇ ಸಮನೆ ಹಣೆ ಮುಟ್ಟಿ ನೋಡುತ್ತಿದ್ದಳು. ಸಾಯುತ್ತೇನೆ ಎಂದೇ ನಾನು ತಿಳಿದಿದ್ದೆ. ಜ್ವರದ ಮಂಪರಿನಲ್ಲಿ ಮತ್ತೊಂದು ಯೋಚನೆಯೂ ಬರುತ್ತಿತ್ತು: ಇನ್ನೂ ಅರ್ಧ ಪುಸ್ತಕ ಬಾಕಿ ಇದೆ, ಅವಳಿಗೆ ಯಾರು ಹೇಳಿಕೊಡುತ್ತಾರೆ? ಆ ಮಾವನನ್ನು ನಾನು ನೋಡಿರಲೇ ಇಲ್ಲ. ಆದರೂ ಕಣ್ಣು ಮುಚ್ಚಿದರೆ ಅವನು ನಗುತ್ತ ನಿಂತಿರುತ್ತಿದ್ದ.

ಗುಂಪಿನವರು ಯಾರೂ ಆ ಕಡೆ ಸುಳಿಯಲಿಲ್ಲ. ಒಂದು ಮಧ್ಯಾಹ್ನ ಅಮ್ಮ ಗಂಜಿ ತರಲು ಹೋಗಿದ್ದಾಗ ವಾರ್ಡಿನ ಬಾಗಿಲಲ್ಲಿ ಅವಳು ಕಂಡಳು. ಕೈಯಲ್ಲಿ ಅದೇ ದಪ್ಪ ಪುಸ್ತಕ. ವೇಲಿನ ತುದಿ ಮೂಗಿನ ಮೇಲಿತ್ತು. ಆಮೇಲೆ ಸೀದಾ ಬಂದು ಸ್ಟೂಲನ್ನು ನನ್ನ ಮಂಚಕ್ಕೆ ತಾಗುವಂತೆ ಎಳೆದುಕೊಂಡು ಕೂತಳು. ವೇಲನ್ನು ಮೂಗಿನಿಂದ ಕೆಳಗಿಳಿಸಿದಳು.

“ಹುಚ್ಚು ಹಿಡಿದಿದ್ಯಾ ನಿಂಗೆ? ಇಲ್ಲಿಗೆಂತಕ್ಕೆ ಬಂದೆ ಮಾರಾಯ್ತಿ?” ಎಂದೆ.

“ಜ್ವರ ಬಂದ್ರ ಇಲ್ಲೇ ನಿನ್ನ ಬಾಜೂಕ ಮಲಗತೀನಿ,” ಎಂದಳು. “ಫೇಲಾದ್ರ ಯಾರ ಬಾಜೂಕ ಮಲಗಬೇಕಂತ ನಿನಗ ಗೊತ್ತೈತಲ್ಲ.”

ನಾನು ಗೋಡೆಗೆ ಒರಗಿ ಎದ್ದು ಕೂತೆ. ಯಾವ ಚಾಪ್ಟರು ಎಂದು ಕೇಳಿದೆ. ಅವತ್ತಿನಿಂದ ದಿನಾ ಬಂದಳು. ನರ್ಸು ಬೈದರೆ ಹೊರಗೆ ಹೋಗಿ ನಿಂತು, ನರ್ಸು ಆಚೆ ಹೋದ ಮೇಲೆ ಮತ್ತೆ ಒಳಗೆ. ನನಗೆ ಮಾತಾಡಲು ತ್ರಾಣ ಇಲ್ಲದಾಗ ಅವಳೇ ಹೇಳುತ್ತಿದ್ದಳು, ತಪ್ಪಿದಲ್ಲಿ ನಾನು ಕೈ ಎತ್ತುತ್ತಿದ್ದೆ.

ನನ್ನದು ಮಂಗನ ಕಾಯಿಲೆ ಅಲ್ಲ, ಬೇರಾವುದೋ ಜ್ವರ ಎಂದು ರಿಪೋರ್ಟು ಬಂತು. ಆದರೆ ಅಷ್ಟರಲ್ಲಿ ಸೋತು ಸುಣ್ಣವಾಗಿದ್ದೆ. ಆ ಪರೀಕ್ಷೆಗೆ ಕೂರಲಾಗದೆ ಮುಂದಿನ ಸಲ ಬರೆದೆ. ಅವಳು ಬರೆದಳು.

ರಿಸಲ್ಟಿನ ದಿನ ಕಾಲೇಜಿನ ಗೇಟಿನೊಳಗೆ ಬರಲು ಅವಳು ಒಪ್ಪಲಿಲ್ಲ. ನನ್ನನ್ನೇ ಕಳಿಸಿದಳು. ನೋಟಿಸ್ ಬೋರ್ಡಿನಲ್ಲಿ ಅವಳ ನಂಬರು ಇತ್ತು. ಓಡಿಬಂದು ಪಾಸು ಎಂದೆ. ಅವಳು ನಗಲಿಲ್ಲ, ಇನ್ನೊಮ್ಮೆ ನೋಡಿ ಬಾ ಎಂದು ತಿರುಗಿ ಕಳಿಸಿದಳು. ನೋಡಿ ಬಂದು ಆಣೆ ಹಾಕಿ ಹೇಳಿದೆ. ಆಗಲೂ ನಂಬಲಿಲ್ಲ. ಕೊನೆಗೆ ತಾನೇ ಬಂದಳು. ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಹಿಂದಿನಿಂದ ನನ್ನ ಹೆಗಲು ಹಿಡಿದು.