ರೋಗಿಯನ್ನು ಮುಟ್ಟದ ವೈದ್ಯೆ

ವಿಠ್ಠಲನನ್ನು ನಂಬಿದ ಬಂಧುಗಳೇ, ರಷ್ಯಾದಲ್ಲಿ ವೈದ್ಯಕೀಯ ಓದಿ ಬಂದ ನಾನು ೨೦೦೪ರಲ್ಲಿ ಕಮಲಾಪುರದ ಮನೆಯಲ್ಲಿ ಕೈಕಟ್ಟಿ ಕುಳಿತಿದ್ದೆ. ವಿದೇಶದಲ್ಲಿ ಓದಿದವರಿಗೆ ಸರ್ಕಾರ ವಿಧಿಸಿದ ಅರ್ಹತಾ ಪರೀಕ್ಷೆಯಲ್ಲಿ ಉತ್ತೀರ್ಣಳಾಗಿದ್ದೆ. ಆ ಪರೀಕ್ಷೆಯನ್ನು ತಪ್ಪೆನ್ನಲಾರೆ. ರೋಗಿಯ ಜೀವ ದೊಡ್ಡದು. ತಪ್ಪು ಅದರಾಚೆಗಿತ್ತು. ಒಂದು ವರ್ಷದ ತರಬೇತಿಯಿಲ್ಲದೆ ನೋಂದಣಿಯಿಲ್ಲ. ತರಬೇತಿಗೆ ಸೇರಿಸಿಕೊಳ್ಳಲು ಆಸ್ಪತ್ರೆಗಳು ನೋಂದಣಿ ಕಚೇರಿಯ ಅನುಮತಿ ಕೇಳುತ್ತಿದ್ದವು. ಅನುಮತಿ ಕೊಡಲು ಕಚೇರಿ ಆಸ್ಪತ್ರೆಯ ಒಪ್ಪಿಗೆ ಕೇಳುತ್ತಿತ್ತು. ನನ್ನನ್ನು ಓದಲು ಕಳಿಸಿದ ದಲ್ಲಾಳಿ ಇದನ್ನೆಲ್ಲ ಮುಚ್ಚಿಟ್ಟದ್ದು ವಂಚನೆ.

ನೋಂದಣಿಯಿಲ್ಲದೆ ಚಿಕಿತ್ಸೆ ಮಾಡುವುದು ಅಪರಾಧ. ಹೀಗಾಗಿ ಬಾಗಿಲಿಗೆ ಬಂದವರ ನಾಡಿಯನ್ನೂ ಹಿಡಿಯದೆ ಕಲಬುರಗಿಗೆ ಕಳಿಸುತ್ತಿದ್ದೆ. ನಮ್ಮದು ವೈಷ್ಣವರ ಮನೆ. ನಾನು ಯಾರನ್ನೂ ಮುಟ್ಟದ್ದಕ್ಕೆ ಊರು ಮಡಿಯ ಅರ್ಥ ಹಚ್ಚಿತು. ಕಾಲೇಜಿನ ದಿನಗಳಿಂದ ಅಸ್ಪೃಶ್ಯತೆಯ ವಿರುದ್ಧ ಭಾಷಣ ಮಾಡಿದವಳಿಗೆ ಅದು ತಿಳಿಯಲೇ ಇಲ್ಲ.

ಶ್ರಾವಣದ ಒಂದು ಮಧ್ಯಾಹ್ನ ಬೌದ್ಧರಾದ ದಲಿತರ ಓಣಿಯ ಕಾಶಿಬಾಯಿ ತುಂಬು ಬಸುರಿ ಸೊಸೆ ಶಾರದೆಯನ್ನು ಕರೆತಂದರು. ಮುಖ ಊದಿತ್ತು, ತಲೆ ಸಿಡಿಯುತ್ತಿತ್ತು, ಕಣ್ಣು ಮಂಜಾಗಿತ್ತು. ರಕ್ತದೊತ್ತಡ ಏರಿದೆಯೆಂದು ನೋಡಿದೊಡನೆ ಶಂಕಿಸಿದೆ.

“ತಡ ಮಾಡಬ್ಯಾಡ್ರಿ, ಈಗಿಂದೀಗ ಕಲಬುರಗಿಗೆ ಒಯ್ಯಿರಿ,” ಎಂದೆ.

“ಒಂದೀಟು ಕೈ ಹಚ್ಚಿ ನೋಡ್ರೀ ಬಾಯಾರ.”

“ನನಗ ಅನುಮತಿ ಇಲ್ಲವ್ವಾ. ಕಾಯ್ದೆ ಬಿಡಂಗಿಲ್ಲ.”

“ನಿಮ್ಮ ಅಜ್ಜಾರೂ ಹಿಂಗೇ ಅಂತಿದ್ರು. ಆವಾಗ ಶಾಸ್ತ್ರ ಬಿಡ್ತಿದ್ದಿಲ್ಲ, ಈಗ ಕಾಯ್ದೆ ಬಿಡವಲ್ದು. ದೂರ ನಿಲ್ಲೋರು ಮಾತ್ರ ನಾವೇ ನೋಡ್ರಿ!”

ಊರು ಹಚ್ಚಿದ ಅರ್ಥ ನನಗೆ ಆಗ ತಿಳಿಯಿತು. ದೇವರ ಕೋಣೆಯತ್ತ ತಿರುಗಿ, “ಪಾಂಡುರಂಗಾ, ನನ್ನ ಅನುಮತಿ ಹಾಗಿರಲಿ. ಈ ತಾಯಿ-ಮಗುವನ್ನು ಉಳಿಸು” ಎಂದು ಬೇಡಿದೆ. ಪಕ್ಕದಲ್ಲಿ ಕೂರಲು, ಕೈ ಹಿಡಿಯಲು ಯಾವ ನೋಂದಣಿಯೂ ಬೇಡವೆಂದು ಆ ಕ್ಷಣ ಹೊಳೆಯಿತು. ಚಪ್ಪಲಿ ಮೆಟ್ಟಿ ಅವರೊಡನೆ ಹೊರಟೆ.

ಹುಮನಾಬಾದಿನಿಂದ ಬಂದ ಬಸ್ಸಿನ ಹಿಂದಿನ ಸೀಟಿನಲ್ಲಿ ಶಾರದೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ದಾರಿಯಲ್ಲಿ ಫಿಟ್ಸ್ ಬಂತು. ಎಡಮಗ್ಗುಲಿಗೆ ಹೊರಳಿಸಿ ಉಸಿರನ್ನು ಕಾಯ್ದೆ. “ಡ್ರೈವರಣ್ಣಾ, ಎಲ್ಲೂ ನಿಲ್ಲಿಸಬ್ಯಾಡೋ!” ಎಂದು ಕಾಶಿಬಾಯಿ ಕೂಗುತ್ತಲೇ ಇದ್ದರು.

ಆಸ್ಪತ್ರೆಯ ಹಿರಿಯ ವೈದ್ಯೆಗೆ ನಡೆದದ್ದನ್ನು ಕ್ರಮವಾಗಿ ಹೇಳಿದೆ. ಶಸ್ತ್ರಚಿಕಿತ್ಸೆಯಾಗಿ ಸಂಜೆಗೆ ಹೆಣ್ಣು ಮಗು ಹುಟ್ಟಿತು, ಶಾರದೆಯೂ ಉಳಿದಳು.

“ನೀವು ಯಾರ್ರೀ ಈಕಿಗೆ?” ಎಂದರು ವೈದ್ಯೆ.

“ಊರಿನವಳು,” ಎಂದೆ.

ಕಾಶಿಬಾಯಿ ಬಿಡಲಿಲ್ಲ. “ಡಾಕ್ಟರಕಿ ಕಲ್ತು ಬಂದಾರ್ರೀ ಇವರು. ನಿಮ್ಮ ಮಂದೀನೇ ಮನ್ಯಾಗ ಕುಂದ್ರಿಸ್ಯಾರ!”

ಆ ವೈದ್ಯೆ ನನ್ನ ಕಥೆಯನ್ನೆಲ್ಲ ಕೇಳಿ, ಮೇಲಿನವರೊಡನೆ ಮಾತಾಡಿ, ತರಬೇತಿಗೆ ಆಸ್ಪತ್ರೆಯ ಒಪ್ಪಿಗೆ ಕೊಡಿಸಿದರು. ಕಚೇರಿಯ ಅನುಮತಿಯೂ ಬಂದು, ತರಬೇತಿ ಮುಗಿದು, ೨೦೦೬ರಲ್ಲಿ ನೋಂದಣಿಯಾಯಿತು.

ಓದಿದವರನ್ನು ಅಲೆದಾಡಿಸುವ ಆ ವ್ಯವಸ್ಥೆಯ ವಿರುದ್ಧ ಇಂದಿಗೂ ಅರ್ಜಿ ಬರೆಯುತ್ತೇನೆ. ದೇವರ ಕೃಪೆ ಅನ್ಯಾಯವನ್ನು ನ್ಯಾಯವಾಗಿಸದು. ಆದರೆ ಭಕ್ತನಿಗಾಗಿ ಇಟ್ಟಿಗೆಯ ಮೇಲೆ ನಿಂತು ಕಾಯುವ ವಿಠ್ಠಲನಿಗೆ ಕಾಯುವವರ ನೋವು ಗೊತ್ತೆಂದು ಈಗ ದೃಢವಾಗಿ ನಂಬಿದ್ದೇನೆ.

ಚಿಕಿತ್ಸೆ ಆರಂಭಿಸಿದ ದಿನ ಕಾಶಿಬಾಯಿ ಮೊಣಕಾಲು ನೋವೆಂದು ಬಂದರು. “ಮೊದಲ ನಮ್ಮ ಮನ್ಯಾಗ ಚಾ ಕುಡೀರಿ, ಆಮ್ಯಾಲ ಕಾಲು ನೋಡೀರಂತ,” ಎಂದರು. ಹೋದೆ. ಬುದ್ಧನ ಪಟದ ಕೆಳಗೆ ಕುಳಿತು ಕುಡಿದೆ. ನನಗೆ ಅದೇ ಪ್ರಸಾದ.